ಮೊದಲು ನೀರು ಕೇಳುತ್ತಿದ್ದ ಮಿಸ್ತ್ರಿ

ಅವರ ಎಡಗಿವಿ ಬಲಗಿವಿಗಿಂತ ಕಪ್ಪಗಿತ್ತು. ಹುಟ್ಟಿನಿಂದ ಬಂದ ಬಣ್ಣವಲ್ಲ. ಮೂವತ್ತು ವರ್ಷ ಫ್ರಿಜ್ಜುಗಳ ಬೆನ್ನಿಗೆ ಆ ಕಿವಿಯನ್ನು ಒತ್ತಿ ಒತ್ತಿ ಎಣ್ಣೆ, ಧೂಳು ಚರ್ಮದೊಳಗೆ ಇಳಿದು ಕೂತಿತ್ತು. ಕಿವಿಯ ತುದಿಯಲ್ಲಿ ತೊಗರಿಬೇಳೆಯಷ್ಟು ಅಗಲದ ಸುಟ್ಟ ಕಲೆ. ಯಾವುದೋ ಕಂಪ್ರೆಸರ್ ಕಾದು ಕೆಂಡವಾಗಿದ್ದಾಗ ನೋಡದೆ ಕಿವಿ ಇಟ್ಟಿದ್ದರಂತೆ. ಶುಕ್ರವಾರ ಮಸೀದಿಗೆ ಹೋಗುವ ಮೊದಲು ಎಷ್ಟು ಸಾಬೂನು ಹಚ್ಚಿ ತಿಕ್ಕಿದರೂ ಆ ಕಪ್ಪು ಹೋಗುವುದಿಲ್ಲ ಎಂದು ಬೈಯುತ್ತಿದ್ದರು. ಬೈಯುತ್ತಿದ್ದದ್ದು ಕಿವಿಯನ್ನಲ್ಲ, ಸಾಬೂನು ಮಾಡಿದವರನ್ನು.

ಬೀದರಿನ ಹಳೇ ಊರಿನ ಗಲ್ಲಿಯೊಂದರಲ್ಲಿ ಅವರ ಮನೆ. ವಾರಕ್ಕೊಮ್ಮೆ ಬಸ್ಸಿನಲ್ಲಿ ಭಾಲ್ಕಿಗೆ ಬಂದು, ಹತಾರಗಳ ಚೀಲ ಹೆಗಲಿಗೆ ಹಾಕಿಕೊಂಡು ಅಂಗಡಿಯಿಂದ ಅಂಗಡಿಗೆ ಸುತ್ತಿ, ಕೆಟ್ಟ ಫ್ರಿಜ್ಜುಗಳನ್ನೆಲ್ಲ ನೋಡಿ ಹೋಗುತ್ತಿದ್ದರು. ಊರಿಗೆಲ್ಲ ಫ್ರಿಜ್ ಮಿಸ್ತ್ರಿ, ನನಗೆ ಚಾಚಾ. ಅವರು ತೀರಿಕೊಂಡು ಎರಡು ವರ್ಷವಾಯಿತು. ಸತ್ತವರ ಬಗ್ಗೆ ಬರೆಯುವಾಗ ದನಿ ತಗ್ಗಿಸಬೇಕು ಅನ್ನುತ್ತಾರೆ. ನನ್ನಿಂದ ಆಗುವುದಿಲ್ಲ. ಅವರನ್ನು ನೆನೆದರೆ ಮೊದಲು ಬರುವುದು ಸಿಟ್ಟೇ. ಅವರ ಮೇಲೆ ಸಿಟ್ಟು, ನನ್ನ ಮೇಲೆ ಸಿಟ್ಟು, ಗಾಜಿನಾಚೆಯ ನೀರನ್ನು ನೋಡಿ ಬಾಯಾರಿಕೊಂಡೇ ಬಸ್ಸು ಹತ್ತಿದ ಒಬ್ಬ ಮುದುಕಿಯನ್ನು ನೆನೆದು ಇಡೀ ಊರಿನ ಮೇಲೆ ಸಿಟ್ಟು. ಚಾಚಾ ಕೂಡ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡಿದ್ದ ಮನುಷ್ಯ. ಹೀಗೆ ಬರೆದರೆ ಬೇಸರ ಮಾಡಿಕೊಳ್ಳಲಿಕ್ಕಿಲ್ಲ.

ಅವರದೊಂದು ಕಾಯಿದೆ ಇತ್ತು. ಯಾವ ಅಂಗಡಿಗೆ ಹೋದರೂ ಚೀಲವನ್ನು ಹೊಸ್ತಿಲ ಬಳಿ ಇಟ್ಟು, "ಪೈಲೇ ಪಾನಿ. ಕುಡಿಲಾಕ ನೀರ ಕೊಡ್ರಿ" ಎನ್ನುತ್ತಿದ್ದರು. ನೀರು ಕುಡಿಯುವ ತನಕ ಚೀಲದ ಜಿಪ್ಪು ತೆರೆಯುತ್ತಿರಲಿಲ್ಲ. ಚಹಾ ಬೇಡ, ಕುರ್ಚಿ ಬೇಡ, ನೀರು ಮಾತ್ರ ಬೇಕೇ ಬೇಕು. ಕಾರಂಜಾ ಜಲಾಶಯದ ತಳ ಬಿರುಕು ಬಿಟ್ಟ ಆ ವರ್ಷಗಳಲ್ಲಿ ಈ ಕಾಯಿದೆ ಅವರಿಗೇ ಮುಳುವಾಯಿತು. ಟ್ಯಾಂಕರು ಬಂದರೆ ನೀರು, ಇಲ್ಲದಿದ್ದರೆ ಇಲ್ಲ. ಅಂಗಡಿಯವರು ಬಂದವರಿಗೆ ನೀರು ಕೊಡುವುದನ್ನೇ ಬಿಟ್ಟಿದ್ದರು. ಒಂದು ಬೇಸಿಗೆಯಲ್ಲಿ ಮಿಠಾಯಿ ಅಂಗಡಿಯವನೊಬ್ಬನ ಫ್ರಿಜ್ಜು ಕೆಟ್ಟಿತ್ತು, ಒಳಗೆ ಪೇಡೆ ಹುಳಿಯಾಗುತ್ತಿತ್ತು. ಚಾಚಾ ನೀರು ಕೇಳಿದರೆ ಅವನು ಮಾರುವ ಬಾಟಲಿಯ ಕಡೆ ಬೆರಳು ಮಾಡಿ, "ತಗೋರಿ, ನಿಮ್ಮ ಮಜೂರಿದಾಗ ಹಿಡಿಕೊಂತೀನಿ" ಅಂದ. ಚಾಚಾ ಚೀಲ ಎತ್ತಿಕೊಂಡು ನಡೆದೇಬಿಟ್ಟರು. ಅವನು ನಡುರಸ್ತೆಗೆ ಬಂದು ಕೂಗಿದರೂ ತಿರುಗಿ ನೋಡಲಿಲ್ಲ.

ತಂಪು ಪಾನೀಯ, ನೀರಿನ ಬಾಟಲಿ ಮಾರುವ ನನ್ನ ಅಂಗಡಿಗೆ ಮೊದಲ ಸಲ ಬಂದಾಗಲೂ ಹಾಗೇ ನೀರು ಕೇಳಿದರು. ನಾನು ಫ್ರಿಜ್ಜು ತೆರೆದು, ಸೀಲು ಒಡೆಯದ ತಣ್ಣನೆಯ ಬಾಟಲಿ ತೆಗೆದು ಕೈಗಿಟ್ಟೆ. "ರೊಕ್ಕ ಬ್ಯಾಡ್ರಿ ಚಾಚಾ" ಎಂದೂ ಹೇಳಿದೆ. ಅವರು ಬಾಟಲಿ ನೋಡಿದರು, ನನ್ನನ್ನು ನೋಡಿದರು, ಬಾಟಲಿಯನ್ನು ವಾಪಸ್ಸು ಫ್ರಿಜ್ಜಿನಲ್ಲಿಟ್ಟು ಬಾಗಿಲು ಹಾಕಿದರು. ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಕೆಲಸ ಮಾಡಿ ಹೋದರು. ಕೊಟ್ಟದ್ದಂತೂ ಕೊಟ್ಟಿದ್ದೆನಲ್ಲ, ಅವರ ಕಾಯಿದೆಗೆ ಅಷ್ಟು ಸಾಕಾಯಿತೋ ಏನೋ. ಮುಂದೆ ನಾಲ್ಕು ವರ್ಷ, ಬಂದಾಗಲೆಲ್ಲ ಇದೇ ನಡೆಯಿತು. ಅವರು ಕೇಳುವುದು, ನಾನು ಸೀಲು ಬಾಟಲಿ ಕೊಡುವುದು, ಅವರು ಅದನ್ನು ತಿರುಗಿ ಇಡುವುದು. ಪ್ರತಿ ಸಲವೂ ನನ್ನ ಮೈ ಉರಿಯುತ್ತಿತ್ತು. ಇವರೂ ಅವರಂಥವರೇ ಎಂದುಕೊಳ್ಳುತ್ತಿದ್ದೆ.

ಯಾರಂಥವರು ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮದು ಔರಾದ ತಾಲ್ಲೂಕಿನ ಠಾಣಾ ಕುಶನೂರ. ನಮ್ಮ ಅಜ್ಜನ ಕಾಲಕ್ಕೇ ನಮ್ಮ ಮನೆಯ ಗೋಡೆಗೆ ಬುದ್ಧ ಬಂದಿದ್ದಾನೆ, ನಾನು ಬೀದರಿನಲ್ಲಿ ಬಿ.ಕಾಂ. ಮುಗಿಸಿದ್ದೇನೆ. ಆದರೂ ನಮ್ಮಜ್ಜಿ ತೊಗರಿ ಕೊಯ್ಯಲು ಹೋದ ಹೊಲಗಳಲ್ಲಿ ಎರಡೂ ಕೈ ಸೇರಿಸಿ ಬೊಗಸೆ ಒಡ್ಡುವುದನ್ನು, ಮೇಲಿನಿಂದ ಯಾರೋ ನೀರು ಹೊಯ್ಯುವುದನ್ನು ಕಣ್ಣಾರೆ ಕಂಡವಳು ನಾನು. ಅರ್ಧ ನೀರು ಮೊಣಕೈಯಿಂದ ಇಳಿದು ಮಣ್ಣಿಗೆ ಹೋಗುತ್ತಿತ್ತು. ಅವ್ವ ನನಗೆ ಕಲಿಸಿದ ಮೊದಲ ಪಾಠವೆಂದರೆ, ಮನೆಗೆ ಯಾರಾದರೂ ಬಂದರೆ ನಾವಾಗಿ ನೀರು ಕೊಡಬಾರದು ಎಂಬುದು. ಕೇಳಿದರೂ ಮುಖ ನೋಡಿ ಕೊಡಬೇಕು. ಕೊಟ್ಟು ಬೇಡ ಅನ್ನಿಸಿಕೊಂಡರೆ ಆ ದಿನವಿಡೀ ಅನ್ನ ಇಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಭಾಲ್ಕಿಗೆ ಬಂದು ಬಸ್ ನಿಲ್ದಾಣದ ಎದುರು ಅಂಗಡಿ ಹಾಕಿದಾಗ ಮೊದಲು ಚಹಾ ಇಟ್ಟಿದ್ದೆ. ಒಂದು ತಿಂಗಳು ಚೆನ್ನಾಗಿ ನಡೆಯಿತು. ನಾನು ಯಾರ ಮನೆಯವಳು ಎಂಬುದು ಬಾಯಿಂದ ಬಾಯಿಗೆ ಹೋಯಿತು ನೋಡಿ, ಚಹಾದ ಕೆಟಲು ತಣ್ಣಗಾಯಿತು. ತಮಾಷೆಯೆಂದರೆ, ನನ್ನ ಕೈಯ ಚಹಾ ಬಿಟ್ಟವರೇ ನನ್ನ ಕೈಯಿಂದ ಸೀಲು ಬಾಟಲಿ ಕೊಂಡು ಗಟಗಟ ಕುಡಿಯುತ್ತಿದ್ದರು. ಕಂಪನಿ ಮುಚ್ಚಿದ ಮುಚ್ಚಳವಾದರೆ ಜಾತಿ ಒಳಗೆ ಇಳಿಯುವುದಿಲ್ಲವಂತೆ! ನಾನು ಸ್ಟೋವ್ ಎತ್ತಿ ಅಟ್ಟಕ್ಕೆ ಎಸೆದು, ತಂಪು ಪಾನೀಯ ಮತ್ತು ನೀರಿನ ಬಾಟಲಿಗಳ ವ್ಯಾಪಾರ ಹಿಡಿದೆ. ಅವತ್ತಿನಿಂದ ಬಂದವರಿಗೆಲ್ಲ, ಮಿಸ್ತ್ರಿಗೂ, ನಾನು ಕೊಟ್ಟದ್ದು ಸೀಲು ಬಾಟಲಿಯೇ.

ಗಾಜಿನ ಮಷಿನ್ನಿನ ಹುಚ್ಚು ಹಿಡಿದದ್ದು ಹೈದರಾಬಾದಿನಲ್ಲಿ. ಸಂಬಂಧಿಕರನ್ನು ನೋಡಲು ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಮೊಗಸಾಲೆಯಲ್ಲಿ ಆಳೆತ್ತರದ ಪೆಟ್ಟಿಗೆ, ಮುಂದೆ ಪೂರ್ತಿ ಗಾಜು, ಒಳಗೆ ದೀಪ, ಸಾಲುಸಾಲಾಗಿ ಬಾಟಲಿಗಳು. ನೋಟು ತೂರಿಸಿ ಗುಂಡಿ ಒತ್ತಿದರೆ ಸುರುಳಿ ತಿರುಗಿ ಬಾಟಲಿ ಧಡಕ್ಕನೆ ಕೆಳಗೆ ಬೀಳುತ್ತಿತ್ತು. ಕೊಡುವ ಕೈ ಕಾಣುವುದೇ ಇಲ್ಲ. ನಾನು ಅದರ ಮುಂದೆ ಎಷ್ಟು ಹೊತ್ತು ನಿಂತೆನೋ! ಇಂಥದ್ದೊಂದು ನನ್ನ ಅಂಗಡಿ ಮುಂದಿದ್ದರೆ ಯಾವ ನಾಯಿಯೂ ನನ್ನ ಕೈ ನೋಡಿ ಹಿಂಜರಿಯಬೇಕಾಗಿಲ್ಲ, ನಾನೂ ಯಾವ ಮುಖ ನೋಡಿ ಲೆಕ್ಕ ಹಾಕಬೇಕಾಗಿಲ್ಲ ಎನ್ನಿಸಿತು.

ಚಾಚಾಗೆ ಇದನ್ನೆಲ್ಲ ಹೇಳಲಿಲ್ಲ. ಊರೂರಿಂದ ಜನ ಗುಳೆ ಹೊರಟಿದ್ದರು. ಔರಾದ ಕಡೆಯವರು, ಭಾಲ್ಕಿಯ ಸುತ್ತಲಿನವರು ಬುತ್ತಿ, ಹಾಸಿಗೆ, ಪಾತ್ರೆ ಕಟ್ಟಿಕೊಂಡು ಹೈದರಾಬಾದಿಗೆ, ಪುಣೆಗೆ ಬಸ್ಸು ಹತ್ತುತ್ತಿದ್ದರು. ನಿಲ್ದಾಣದ ಸುತ್ತಮುತ್ತ ನಲ್ಲಿಗಳೆಲ್ಲ ಒಣಗಿದ್ದವು. "ಮಂದಿ ಭಾಳ, ನಾ ಒಬ್ಬಾಕಿ. ಗಾಜಿನ ಮಷಿನ್ ಹಾಕೋಣಂತ ಮಾಡೀನ್ರಿ, ನೀವ ಆರಿಸಿ ಕೊಡ್ರಿ" ಎಂದಷ್ಟೇ ಕೇಳಿದೆ.

"ಗಾಜ ನೋಡಿ ಮಷಿನ್ ತಗೊಳ್ಳವ್ರು ಭಾಳ ಮಂದಿ ಅತ್ತಾರ" ಎಂದರು. ಆದರೂ ಒಪ್ಪಿಕೊಂಡರು.

ಬೀದರಿನಲ್ಲಿ, ನೌಬಾದ ಕಡೆಯ ರಸ್ತೆಯಲ್ಲಿ, ಇಂಥ ಮಷಿನ್ನುಗಳನ್ನು ಮಾರುವ ಒಬ್ಬ ವ್ಯಾಪಾರಿ ಇದ್ದ. ಅವನ ಅಂಗಡಿಯಲ್ಲಿ ಎರಡು ಮಷಿನ್ನುಗಳಿದ್ದವು. ಒಂದು ಬಾಗಿಲಲ್ಲೇ ನಿಂತಿತ್ತು, ಮದುವೆ ಮಂಟಪದ ಹಾಗೆ ನೀಲಿ ದೀಪ ಹಾಕಿಕೊಂಡು. ಇನ್ನೊಂದು ಹಿಂದಿನ ಮೂಲೆಯಲ್ಲಿ, ಯಾವುದೋ ಆಫೀಸಿನಿಂದ ವಾಪಸ್ಸು ಬಂದದ್ದು, ಕುಳ್ಳಗೆ, ಧೂಳು ತಿನ್ನುತ್ತ ನಿಂತಿತ್ತು. ನನ್ನ ಕಣ್ಣು ದೀಪದ ಮೇಲೆ. ಚಾಚಾ ಅದರ ಮುಂಭಾಗವನ್ನು ನೋಡಲೇ ಇಲ್ಲ. ಸೀದಾ ಹಿಂದಕ್ಕೆ ಹೋಗಿ ಕಿವಿ ಇಟ್ಟರು.

ಆಮೇಲೆ ಶುರುವಾಯಿತು ಅವರ ಪರೀಕ್ಷೆ. ಜೇಬಿನಿಂದ ಬಸ್ಸಿನ ಟಿಕೇಟು ತೆಗೆದು ಬಾಗಿಲಿಗೂ ರಬ್ಬರಿಗೂ ನಡುವೆ ಇಟ್ಟು ಬಾಗಿಲು ಹಾಕಿ ಎಳೆದರು. ಮೇಲಿನ ಮೂಲೆಯಲ್ಲಿ ಟಿಕೇಟು ಸಲೀಸಾಗಿ ಜಾರಿ ಬಂತು. "ಇಲ್ಲಿಂದ ಥಂಡ್ ಹೊರಗ ಹೋಗ್ತದ. ಗಾಜಿಗಿ ಬೆವರ ಬರ್ತದ" ಎಂದರು. ಮಷಿನ್ನು ಎಷ್ಟು ನಿಮಿಷ ಓಡಿ ಎಷ್ಟು ನಿಮಿಷ ಸುಮ್ಮನಿರುತ್ತದೆ ಎಂದು ಗಡಿಯಾರ ನೋಡುತ್ತ ನೆಲದ ಮೇಲೆ ಕೂತರು. ಅದು ಸುಮ್ಮನಾಗಲೇ ಇಲ್ಲ. "ದಮ್ ಹಿಡಿಲಾಕತ್ತದ. ಭಾಲ್ಕಿ ಬಿಸಲಾಗ ಸಾಯ್ತದ." ಕರೆಂಟು ಹೋದರೆ ಎಷ್ಟು ಹೊತ್ತು ತಂಪು ಉಳಿಯುತ್ತದೆ ನೋಡಬೇಕು, ಎರಡು ತಾಸು ಬಂದ್ ಮಾಡಿ ಇಡಿ ಎಂದು ವ್ಯಾಪಾರಿಗೆ ಹೇಳಿದರು. ಅವನ ಮುಖ ಸಣ್ಣದಾಯಿತು.

ಕೊನೆಗೆ ಮಾಡಿದ ಪರೀಕ್ಷೆ ನನ್ನನ್ನು ನಾಚಿಸಿತು. ಹೊರಗೆ ರಸ್ತೆ ಕೆಲಸಕ್ಕೆ ಬಂದಿದ್ದ ಹೆಂಗಸೊಬ್ಬಳ ಬಳಿ ಹೋಗಿ ತಮ್ಮ ಹೊಸ ನೋಟು ಕೊಟ್ಟು, ಅವಳ ನಡುವಿನ ಸಂಚಿಯಲ್ಲಿದ್ದ ನೋಟು ಬದಲಿಸಿಕೊಂಡು ಬಂದರು. ಎಂಟು ಮಡಿಕೆಯಾಗಿ, ಬೆವರಿಗೆ ಮೆತ್ತಗಾಗಿ, ಎಲೆಅಡಿಕೆಯ ಕಲೆ ಹತ್ತಿದ್ದ ನೋಟು. ನೀಲಿ ದೀಪದ ಮಷಿನ್ನು ಅದನ್ನು ಮೂರು ಸಲ ಉಗುಳಿತು. ಮೂಲೆಯ ಕುಳ್ಳ ಮಷಿನ್ನು ಎರಡನೆಯ ಸಲಕ್ಕೆ ನುಂಗಿತು.

"ನಿನ್ನ ಗಿರಾಕಿ ಹತ್ರ ಇಂಥಾ ನೋಟೇ ಇರ್ತಾವ ಬೇಟಿ. ಬ್ಯಾಂಕಿನ ನೋಟ್ ಹಿಡಕೊಂಡ ಗುಳೆ ಹೋಗವ್ರನ್ನ ನೀ ನೋಡಿಯೇನ?" ಎಂದರು. ವ್ಯಾಪಾರಿಯ ಕಡೆ ತಿರುಗಿ, "ಈ ದೀಪದ ಮಷಿನ್ ಕೀಲಿ ಯಾರ ಹತ್ರ ಇರ್ತದ?" ಎಂದು ಕೇಳಿದರು.

"ನಮ್ಮ ಸರ್ವಿಸ್ ಮನುಷ್ಯಾ ಇಟ್ಕೊಂತಾನ್ರಿ. ವಾರಕ್ಕೊಮ್ಮಿ ಬಂದು ಬಾಟ್ಲಿ ತುಂಬಿ ಹೋಗ್ತಾನ. ಮೇಡಮ್ಮೋರಿಗಿ ಏನೂ ತ್ರಾಸ ಇಲ್ರಿ" ಎಂದ ಅವನು.

"ನಕ್ಕೋ ಬಾ, ಬ್ಯಾಡೇ ಬ್ಯಾಡ" ಎಂದು ಚಾಚಾ ಚೀಲ ಎತ್ತಿದರು. ಹೊರಗೆ ಬಂದು ನನಗೆ ಹೇಳಿದರು: "ಕೀಲಿ ನಿನ್ನ ಕೈಯಾಗ ಇಲ್ಲಂದ್ರ ಅದು ನಿನ್ನ ಮಷಿನ್ ಅಲ್ಲ. ಆ ಮೂಲ್ಯಾಗಿಂದು ತಗೋ. ಹಳೇದು, ಖರೇ. ಕಂಪ್ರೆಸರ್ ಗಟ್ಟಿ ಅದ, ಪಾರ್ಟ್ ಬೀದರದಾಗೇ ಸಿಗ್ತಾವ, ಕೀಲಿನೂ ಕೊಡ್ತಾನ."

ಅವರು ಹೇಳಿದ ಒಂದೊಂದು ಮಾತೂ ಸರಿಯಿತ್ತು. ನನಗೆ ಕೇಳಿಸಿದ್ದು ಮಾತ್ರ ಬೇರೆ. ಯಾರೋ ಬಳಸಿ ಬಿಟ್ಟದ್ದು, ಧೂಳು ಹಿಡಿದದ್ದು, ಇದೇ ನಿನಗೆ ಲಾಯಕ್ಕು ಎಂದಂತೆ ಕೇಳಿಸಿತು. ನಾಲ್ಕು ವರ್ಷ ನನ್ನ ಬಾಟಲಿ ಮುಟ್ಟಿ ತಿರುಗಿ ಇಟ್ಟ ಮನುಷ್ಯ ಇನ್ನೇನು ಹೇಳಿಯಾನು ಎಂದುಕೊಂಡೆ. ಮರುದಿನವೇ ಅವರಿಗೆ ತಿಳಿಸದೆ ಬೀದರಿಗೆ ಹೋಗಿ, ನೀಲಿ ದೀಪದ ಮಷಿನ್ನನ್ನೇ ಭಾಲ್ಕಿಗೆ ತರಿಸಿದೆ. ಹಳೆಯ ಫ್ರಿಜ್ಜನ್ನು ಅದೇ ವ್ಯಾಪಾರಿಗೆ ಬದಲಿಗೆ ಕೊಟ್ಟೂಬಿಟ್ಟೆ.

ಹತ್ತು ದಿನ ನಾನು ರಾಣಿಯ ಹಾಗೆ ಕೂತಿದ್ದೆ. ಬಸ್ಸಿನಿಂದ ಇಳಿದವರೆಲ್ಲ ಮಷಿನ್ನಿನ ಮುಂದೆ ನಿಂತು ನೋಡುತ್ತಿದ್ದರು. ಹೊಸ ನೋಟಿದ್ದವರಿಗೆ ಬಾಟಲಿ ಬೀಳುತ್ತಿತ್ತು. ಹಳೇ ನೋಟಿನವರಿಗೆ ನಾನು ಗಲ್ಲಾಪೆಟ್ಟಿಗೆಯಿಂದ ಗರಿಗರಿ ನೋಟು ಬದಲಿಸಿ ಕೊಡುತ್ತಿದ್ದೆ. ಗಾಜು ಬೆವರತೊಡಗಿತು, ಬಟ್ಟೆಯಿಂದ ಒರೆಸಿದೆ. ಹನ್ನೊಂದನೆಯ ದಿನ ಮಧ್ಯಾಹ್ನ ಔರಾದ ಕಡೆಯ ಒಂದು ಕುಟುಂಬ ಬಂತು. ಗಂಡ, ಹೆಂಡತಿ, ಗಂಡನ ಮುದಿ ತಾಯಿ. ತಲೆಯ ಮೇಲೆ ರೊಟ್ಟಿಯ ಗಂಟು, ಕೈಯಲ್ಲಿ ಹಾಸಿಗೆಯ ಸುರುಳಿ. ಹೈದರಾಬಾದಿನ ಬಸ್ಸು ಆಗಲೇ ಗುರುಗುಡುತ್ತಿತ್ತು. ಮುದುಕಿಯ ತುಟಿ ಸೀಳಿ ಬಿಳಿಯಾಗಿತ್ತು. "ನೀರ ಕುಡಿಸೋ ತಮ್ಮಾ" ಎಂದು ಮಗನಿಗೆ ಅನ್ನುತ್ತಿದ್ದಳು.

ನಾನು ಬದಲಿಸಿ ಕೊಟ್ಟ ನೋಟನ್ನು ಅವನು ತೂರಿಸಿದ. ಮಷಿನ್ನು ನುಂಗಿತು. ಸುರುಳಿ ಅರ್ಧ ತಿರುಗಿ ನಿಂತಿತು. ಬಾಟಲಿ ಮುಂದಕ್ಕೆ ವಾಲಿ ಗಾಜಿಗೆ ತಲೆ ಆನಿಸಿ ನಿಂತಿತು, ಬೀಳಲಿಲ್ಲ. ಅವನು ಗುಂಡಿ ಒತ್ತಿದ, ಗಾಜು ತಟ್ಟಿದ, ಆಮೇಲೆ ಗುದ್ದಿದ. ನಾನು ಓಡಿಬಂದು ಅಲ್ಲಾಡಿಸಿದೆ. ಕೀಲಿ ನನ್ನ ಬಳಿ ಇಲ್ಲ. ಕಂಡಕ್ಟರ್ ಸೀಟಿ ಊದಿದ. ನಾನು ಗಲ್ಲಾಪೆಟ್ಟಿಗೆಯಿಂದ ನೋಟು ತೆಗೆದು ಅವನ ಕೈಗೆ ತುರುಕಿದೆ. ಅವನು ತಾಯಿಯನ್ನು ಎಳೆದುಕೊಂಡು ಬಸ್ಸಿಗೆ ಓಡಿದ. ಮುದುಕಿ ಕಿಟಕಿಯಿಂದ ನನ್ನನ್ನು ನೋಡಲಿಲ್ಲ, ವಾಲಿ ನಿಂತ ಬಾಟಲಿಯನ್ನೇ ನೋಡುತ್ತ ಹೋದಳು.

ಈಗ ನಿಜ ಹೇಳುತ್ತೇನೆ. ಆ ಹೊತ್ತಿನಲ್ಲಿ ನನ್ನ ಕೌಂಟರಿನ ಕೆಳಗೆ ಮನೆಯಿಂದ ತಂದ ಸ್ಟೀಲಿನ ಬಾಟಲಿ ಇತ್ತು. ಅದರ ತುಂಬ ನೀರಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ಮುದುಕಿಗೆ ಅದನ್ನು ಕೊಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಜಿಪುಣತನದಿಂದಲ್ಲ. ಮನೆಯ ನೀರು ಬೇರೆಯವರಿಗೆ ಕೊಡುವಂಥದ್ದು ಎಂಬ ಯೋಚನೆಯೇ ನನ್ನ ತಲೆಯಲ್ಲಿ ಇರಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದರು ನಮಗೆ.

ಮರುದಿನ ಚಾಚಾಗೆ ಫೋನು ಮಾಡಿ ಮುದುಕಿಯ ಕತೆಯನ್ನೂ ಹೇಳಿದೆ. ಬಂದರು. ಮಷಿನ್ನು ನೋಡಿದರೂ ನೋಡದವರ ಹಾಗೆ ಚೀಲ ಹೊಸ್ತಿಲ ಬಳಿ ಇಟ್ಟು, "ಪೈಲೇ ಪಾನಿ" ಎಂದರು.

ಇದ್ದಬದ್ದ ಬಾಟಲಿಗಳೆಲ್ಲ ಬೀಗದೊಳಗೆ. "ಮಷಿನ್ ಬಂದ್ ಅದರಿ ಚಾಚಾ, ಬಾಟ್ಲಿ ಬರಂಗಿಲ್ಲ" ಎಂದೆ.

"ಬಾಟ್ಲಿ ಯಾರ ಕೇಳ್ಯಾರ? ನೀರ ಕೇಳೀನಿ."

"ನೀರ ಎಲ್ಲಿಂದ ತರ್ಲಿರಿ? ಇಷ್ಟ ದಿನಾ ಕೊಟ್ಟ ಬಾಟ್ಲಿರ ಎಲ್ಲಿ ಕುಡಿದ್ರಿ ನೀವು?"

ಅಷ್ಟೇ ಸಾಕಾಯಿತು. ಅವರ ಕಿವಿಯ ಜೊತೆ ಮುಖವೂ ಕಪ್ಪಾಯಿತು. "ನಾಕ ವರ್ಷ! ನಾಕ ವರ್ಷ ನೀರ ಕೇಳಿದ್ರ ಸೀಲ್ ಬಾಟ್ಲಿ ಹಿಡಿಸಿದಿ. ನಾ ಏನ್ ಗಿರಾಕಿ ಏನ? ಮಾರೋ ನೀರ ನಾ ಕುಡಿಯಲ್ಲಂತ ಊರಿಗೆಲ್ಲ ಗೊತ್ತದ. ಒಂದ ಗಿಲಾಸ್ ಮನಿ ನೀರ ಕೊಡ್ಲಾಕ ನಿನ್ನ ಕೈ ಬರಲಿಲ್ಲ. ಅಷ್ಟ ಕಂಜೂಸಿ ಯಾಕವ್ವ ನಿನಗ?"

ಕಂಜೂಸಿ! ನನ್ನ ತಲೆ ಗಿರ್ರೆಂದಿತು. ಬಸ್ಸಿಗೆ ನಿಂತವರೆಲ್ಲ ತಿರುಗಿ ನೋಡುವಂತೆ ಕೂಗಿದೆ: "ಮನಿ ನೀರ ಕೊಟ್ಟಿದ್ರ ಕುಡಿತಿದ್ರೇನ್ರಿ? ನಾವ ಯಾರಂತ ಗೊತ್ತದೇನ್ರಿ ನಿಮಗ? ನಮ್ಮ ಅಜ್ಜಿ ಬೊಗಸಿ ಒಡ್ಡಿ ಕುಡದಾಳ್ರಿ. ನನ್ನ ಚಹಾ ಕುಡಿಯೋ ಮಂದಿ ಇಲ್ಲ ಈ ಊರಾಗ. ಬಾಟ್ಲಿ ಸೈತ ನೀವ ತಿರಿಗಿ ಇಟ್ರಿ. ನಾ ಮನಿ ನೀರ ಹ್ಯಾಂಗ ಕೊಡ್ಲಿ?"

ಅವರು ನನ್ನ ತಲೆಯ ಮೇಲೆ ಗೋಡೆಗಿದ್ದ ಪಟದ ಕಡೆ ಗದ್ದ ಎತ್ತಿ ತೋರಿಸಿದರು. "ಯಾರಂತ ಯಾಕ ಗೊತ್ತಿಲ್ಲ? ಬುದ್ಧ ಅಲ್ಲಿ ಕುಂತಾನಲ್ಲ, ನನಗ ಕಣ್ಣಿಲ್ಲೇನ? ಮೊದಲ್ನೇ ದಿನಾನೇ ನೋಡೀನಿ. ನೋಡೇ ನೀರ ಕೇಳೀನಿ. ಕುಡಿಯೋದಿಲ್ಲಂದ್ರ ಕೇಳ್ತಿದ್ನೇನ?"

ನಾಲ್ಕು ವರ್ಷ ನಾನು ಅವರನ್ನು ಮನಸ್ಸಿನಲ್ಲೇ ಬೈದಿದ್ದೆ, ಅವರು ನನ್ನನ್ನು ಬೈದಿದ್ದರು. ನಡುವೆ ಒಂದು ಸೀಲು ಬಾಟಲಿ ಹೋಗುತ್ತಿತ್ತು, ಬರುತ್ತಿತ್ತು. ನನಗೆ ಕಣ್ಣೀರು ಬಂತು, ಅದರ ಜೊತೆಗೆ ಸಿಟ್ಟೂ ಬಂತು. ಇಷ್ಟು ಸುಲಭದ ಮಾತನ್ನು ಇಷ್ಟು ವರ್ಷ ಹೇಳದೆ ಮುಖ ಗಂಟುಹಾಕಿಕೊಂಡು ತಿರುಗಿದ ಈ ಮುದುಕನ ಮೇಲೆ ಸಿಟ್ಟು.

ಕೌಂಟರಿನ ಕೆಳಗಿನ ಸ್ಟೀಲ್ ಬಾಟಲಿ ತೆಗೆದು ಅವರ ಮುಂದೆ ಕುಕ್ಕಿದೆ. ಲೋಟ ಹುಡುಕುತ್ತಿದ್ದೆ. ಅವರು ಕಾಯಲಿಲ್ಲ. ಹೊಸ್ತಿಲ ಮೇಲೆ ಕೂತು, ಬಿಸ್ಮಿಲ್ಲಾ ಎಂದು, ಬಾಟಲಿಗೆ ಬಾಯಿ ಹಚ್ಚಿ ಕುಡಿದರು. ಗಂಟಲಿನ ಗಂಟು ಏರುತ್ತ ಇಳಿಯುತ್ತ ಇತ್ತು. ಕಾಲುಭಾಗ ಉಳಿಸಿ ನನ್ನ ಕಡೆ ಚಾಚಿದರು.

"ನೀನೂ ಕುಡಿ. ಒದರಿ ಒದರಿ ಗಂಟಲ ಒಣಗ್ಯದ."

ಅದೇ ಬಾಟಲಿಗೆ ಬಾಯಿ ಹಚ್ಚಿ ನಾನೂ ಕುಡಿದೆ. ಆಗ ಅವರು ಚೀಲದ ಜಿಪ್ಪು ಎಳೆದರು.

ಮಷಿನ್ನಿನ ಬೀಗ ಒಡೆಯಲಿಲ್ಲ. ಬೆನ್ನಿನ ತಗಡು ಬಿಚ್ಚಿ, ಒಳಗಿನ ಗಾಳಿಯ ದಾರಿಯಲ್ಲಿ ಕೈಬೆರಳು ದಪ್ಪ ಧೂಳು ಕಟ್ಟಿದ್ದನ್ನು ತೋರಿಸಿದರು. ಹೊಸದೆಂದು ಮಾರಿದ್ದು ಹೊಸದೂ ಆಗಿರಲಿಲ್ಲ, ಮೇಲೆ ದೀಪವಷ್ಟೇ ಹೊಸದು. ಮರುದಿನದಿಂದ ಮೂರು ದಿನ ಅವರು ಬೇರೆ ಕೆಲಸಕ್ಕೆ ಹೋಗಲಿಲ್ಲ. ಆ ವ್ಯಾಪಾರಿಯ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಬಂದ ಗಿರಾಕಿಗೆಲ್ಲ ಟಿಕೇಟಿನ ಪರೀಕ್ಷೆ ಹೇಳಿಕೊಟ್ಟರಂತೆ. ಮೂರನೆಯ ದಿನ ಸಂಜೆ ಅವನು ಕೈ ಮುಗಿದು, ನೀಲಿ ದೀಪದ್ದನ್ನು ವಾಪಸ್ಸು ತೆಗೆದುಕೊಂಡು ಮೂಲೆಯ ಕುಳ್ಳ ಮಷಿನ್ನನ್ನು ಕೀಲಿಯ ಸಮೇತ ಭಾಲ್ಕಿಗೆ ಕಳಿಸಿದ.

ಎಲ್ಲ ಸರಿಹೋಯಿತು ಎಂದುಕೊಂಡಿರಾ? ಜಗಳ ಮತ್ತೆ ಶುರುವಾಯಿತು. ಮಷಿನ್ನು ಇಟ್ಟರು, ಸ್ಟೆಬಿಲೈಜರ್ ಜೋಡಿಸಿದರು, ಪ್ಲಗ್ಗು ಕೈಯಲ್ಲಿ ಹಿಡಿದು ನಿಂತರು, ಹಾಕಲಿಲ್ಲ. "ಇದರ ಬಾಜೂಕ ಒಂದು ರಂಜಣಗಿ ಇಡು. ಇಟ್ಟ ಮ್ಯಾಲ ಪ್ಲಗ್ ಹಾಕ್ತೀನಿ" ಎಂದರು. ರಂಜಣಗಿ ಅಂದರೆ ಮಣ್ಣಿನ ದೊಡ್ಡ ನೀರಿನ ಗಡಿಗೆ.

"ಪುಕಟ ನೀರಿಟ್ರ ಮಷಿನ್ ನೀರ ಯಾರ ತಗೋತಾರ್ರಿ?"

"ಬಾಟ್ಲಿ ಒಯ್ಯವ್ರು ಒಯ್ತಾರ. ಕುಡಿಯವ್ರು ಕುಡಿತಾರ. ಮೊನ್ನೆ ಆ ಮುದುಕಿ ಹ್ಯಾಂಗ ಹೋದ್ಳಂತ ನೀನೇ ಹೇಳಿದಿ."

"ನನ್ನ ಕೈ ನೀರ ಈ ಊರಾಗ ಯಾರೂ ಕುಡಿಯಂಗಿಲ್ಲ. ಎಲ್ಲರ ಮುಂದ ನನ್ನ ಮಾನಾ ಕಳೀಬ್ಯಾಡ್ರಿ."

"ಮಾನಾ ಹೋಗೋದು ನಿಂದಲ್ಲ, ಕುಡಿಯದವ್ರದು. ನೀ ಇಡು. ಇಟ್ಟು, ಕೈಲೆ ಹೊಯ್ಯು. ಮಷಿನ್ ಹಿಂದ ಅಡಗಬ್ಯಾಡ."

ಮಷಿನ್ನು ನನಗೆ ಯಾಕೆ ಬೇಕಾಗಿತ್ತು ಎಂದು ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ. ಜಗಳದ ದಿನ ಕೂಗಿದ್ದರಲ್ಲೇ ಅವರು ಅದನ್ನು ಕೇಳಿಸಿಕೊಂಡಿದ್ದರು. ಆ ಕಪ್ಪು ಕಿವಿ ಒಳಗೆ ಕೆಟ್ಟದ್ದನ್ನು ಹೊರಗಿನಿಂದಲೇ ಕೇಳುವುದಕ್ಕೆ ಪಳಗಿತ್ತು. ಅವತ್ತು ನನಗೇನೂ ಕೃತಜ್ಞತೆ ಹುಟ್ಟಲಿಲ್ಲ. ಹಲ್ಲು ಕಚ್ಚಿಕೊಂಡು ರಂಜಣಗಿ ತಂದಿಟ್ಟೆ, ಮನೆಗೆ ಟ್ಯಾಂಕರಿನಿಂದ ಬರುತ್ತಿದ್ದ ನೀರಿನಲ್ಲಿ ಎರಡು ಕೊಡ ಹೊತ್ತು ತಂದು ತುಂಬಿದೆ. ಅವರು ಪ್ಲಗ್ಗು ಹಾಕಿ, ಕಿವಿ ಇಟ್ಟು ಕೇಳಿ, ಬಸ್ಸು ಹತ್ತಿ ಹೋದರು.

ಎರಡು ದಿನ ಯಾರೂ ಮುಟ್ಟಲಿಲ್ಲ. ನಾನು ಮನಸ್ಸಿನಲ್ಲೇ ಚಾಚಾನನ್ನು ಶಪಿಸಿದೆ. ಮೂರನೆಯ ದಿನ ಔರಾದದ ಬಸ್ಸಿಳಿದ ಹತ್ತು ಹನ್ನೆರಡು ಜನ ಏನೂ ಕೇಳದೆ ಬಂದು ಲೋಟ ಒಡ್ಡಿದರು. ನಾನು ಹೊಯ್ದೆ. ಅವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ ಎಂದಿಟ್ಟುಕೊಳ್ಳಿ. ಗೊತ್ತಿದ್ದ ಭಾಲ್ಕಿಯವರು? ಬಿಸಿಲು ಏರಿದಂತೆ ಅವರೂ ಬಂದರು. ಒಬ್ಬರಾದ ಮೇಲೆ ಒಬ್ಬರು, ಅತ್ತಿತ್ತ ನೋಡುತ್ತ ಬಂದರು. ನನ್ನ ಚಹಾ ಬಿಟ್ಟಿದ್ದ ಒಬ್ಬ ನೌಕರದಾರರು ಎರಡು ಬೇಸಿಗೆ ದಿನಾ ಎರಡು ಸಲ ಕುಡಿದರು. "ಥಂಡ್ ಅದರಿ ಅಕ್ಕಾ" ಎಂದು ಹೊಗಳಿದರು ಕೂಡ. ಮಷಿನ್ನಿನ ವ್ಯಾಪಾರವೂ ನಿಲ್ಲಲಿಲ್ಲ, ದೂರ ಹೋಗುವವರು ಬಾಟಲಿ ಕೊಂಡೇ ಕೊಳ್ಳುತ್ತಿದ್ದರು. ಕುಳ್ಳ ಮಷಿನ್ನು ಸಂಚಿಯ ನೋಟು ನುಂಗಿಕೊಂಡು ದುಡಿಯಿತು.

ಆಮೇಲೆ ಮಳೆ ಬಂತು. ಕಾರಂಜಾ ತುಂಬಿತು, ಗುಳೆ ಹೋದವರಲ್ಲಿ ಅರ್ಧ ಜನ ಊರಿಗೆ ಮರಳಿದರು. ಆ ನೌಕರದಾರರು ಒಂದು ದಿನ ಬಂದು, ರಂಜಣಗಿಯ ಕಡೆ ನೋಡದೆ ಸೀದಾ ಮಷಿನ್ನಿಗೆ ನೋಟು ಹಾಕಿದರು. ಜೊತೆಗಿದ್ದವನು ಲೋಟಕ್ಕೆ ಕೈ ಹಾಕಿದರೆ ಅವನ ಮೊಣಕೈ ಹಿಡಿದೆಳೆದು ಕಿವಿಯಲ್ಲಿ ಏನೋ ಹೇಳಿದರು. ಏನು ಹೇಳಿದರೆಂದು ನನಗೆ ಕೇಳಿಸಬೇಕಾಗಿರಲಿಲ್ಲ. ನೂರಾರು ಲೋಟ ಕುಡಿದ ಬಾಯಿ ಅದು! ಥೂ ಎನ್ನಬೇಕೆನ್ನಿಸಿತು. ಆ ಹೊತ್ತಿಗೇ ಚಾಚಾಗೆ ಫೋನು ಹಚ್ಚಿ ಬಾಯಿಗೆ ಬಂದಂತೆ ಕೂಗಿದೆ. ರಂಜಣಗಿ ಒಡೆದು ಹಾಕುತ್ತೇನೆ ಎಂದೆ.

ಅವರು ಪೂರ್ತಿ ಕೇಳಿಸಿಕೊಂಡರು. "ಒಡಿಬ್ಯಾಡ. ಬೇಶಕ್ ಬೈ, ನನಗೂ ಬೈ. ನೀರ ಮಾತ್ರ ತೆಗೀಬ್ಯಾಡ. ಅವ ಕುಡಿಲಿಲ್ಲಂದ್ರ ನೀರೇನ್ ಕೆಡ್ತದ?" ಎಂದರು. ಹಿಂದೆಯೇ, "ಮಷಿನ್ ಬೆನ್ನ ಒರಸಿಯೇನ?" ಎಂದು ಕೇಳಿದರು. ಒರೆಸಿರಲಿಲ್ಲ. ಅದಕ್ಕೂ ಬೈಸಿಕೊಂಡೆ.

ಅದಾಗಿ ಕೆಲವು ವರ್ಷಗಳ ನಂತರ ಮಷಿನ್ನಿನ ರಬ್ಬರು ಸೀಳಿತೆಂದು ಫೋನು ಮಾಡಿದಾಗ ಬೇರೆ ಯಾರೋ ಎತ್ತಿದರು. ಚಾಚಾ ಹೋಗಿ ಎಂಟು ದಿನವಾಗಿತ್ತು. ನನಗೆ ತಿಳಿಸಬೇಕೆಂದು ಯಾರಿಗೆ ಹೊಳೆಯಬೇಕು? ಅಂಗಡಿ ಮುಚ್ಚಿ ಬೀದರಿಗೆ ಹೋದೆ. ಹಳೇ ಊರಿನ ಗಲ್ಲಿಯಲ್ಲಿ ಕೇಳಿ ಕೇಳಿ ಮನೆ ಹಿಡಿದೆ. ಒಳಕೋಣೆಯಲ್ಲಿ ಅವರ ಹೆಂಡತಿ ಹೆಂಗಸರ ನಡುವೆ ಕೂತಿದ್ದರು. ಭಾಲ್ಕಿಯಿಂದ ಬಂದೆ ಎಂದೆ. ಅವರು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು.

"ಭಾಲ್ಕಿಯಾಕಿ? ಗಾಜಿನ ಮಷಿನ್ನಿನಾಕಿ?"

"ಹೌದ್ರಿ ಚಾಚಿ."

"ಕೇಳಿದ್ರೂ ನಾಕ ವರ್ಷ ನೀರ ಕೊಟ್ಟಿಲ್ಲಂತ ಇವ್ರು ಬೈತಿದ್ರಲ್ಲ, ಆಕಿ ನೀನೇನ?"

ಕೂತ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. "ನಾನೇ ರಿ" ಎಂದೆ.

"ಭಾಲ್ಕಿಯಿಂದ ಬಂದಾಗೊಮ್ಮಿ ಬೈತಿದ್ರು. ಕೊನೀಗ ಒಂದಿನ ಬಂದು, ಇವತ್ತ ಕೊಟ್ಳು ಅಂದ್ರು. ಹ್ಯಾಂಗಿತ್ರಿ ಅಂದೆ. ಉಪ್ಪ ಇತ್ತು ಅಂತ ಅದಕ್ಕೂ ಬೈದ್ರು."

ಸಾವಿನ ಮನೆಯಲ್ಲಿ ನಾನು ನಕ್ಕುಬಿಟ್ಟೆ. ಚಾಚಿಯೂ ನಕ್ಕರು. ಆಮೇಲೆ ಇಬ್ಬರೂ ಅತ್ತೆವು. ಟ್ಯಾಂಕರಿನ ನೀರು ಉಪ್ಪಾಗಿಯೇ ಇತ್ತು, ಸುಳ್ಳೇನಲ್ಲ. ಅವರು ಎದ್ದು, ನಾನು ಕೇಳುವ ಮೊದಲೇ, ಸ್ಟೀಲಿನ ಲೋಟದಲ್ಲಿ ನೀರು ತಂದು ಕೈಗೆ ಕೊಟ್ಟರು. ಒಂದು ಹನಿ ಉಳಿಸದೆ ಕುಡಿದೆ.

ಕುಳ್ಳ ಮಷಿನ್ನು ಇನ್ನೂ ಓಡುತ್ತಿದೆ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಅದರ ಬೆನ್ನು ಒರೆಸಿ ಕಿವಿ ಇಡುತ್ತೇನೆ. ಚಾಚಾಗೆ ಕೇಳಿಸುತ್ತಿದ್ದದ್ದು ನನಗೆ ಕೇಳಿಸುವುದಿಲ್ಲ, ಗುರ್ ಎನ್ನುತ್ತದೆ ಅಷ್ಟೇ. ರಂಜಣಗಿ ಎರಡು ಸಲ ಒಡೆಯಿತು, ಎರಡು ಸಲವೂ ಹೊಸದು ತಂದೆ. ಕುಡಿಯುವವರು ಕುಡಿಯುತ್ತಾರೆ, ಇನ್ನು ಕೆಲವರು ಕೈ ಹಿಂದೆ ಸರಿಸುತ್ತಾರೆ. ಅವರ ಮೇಲೆ ಈಗಲೂ ನನಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬರುತ್ತದೆ, ಅದು ಹೋಗುವುದು ನನಗೆ ಬೇಕಾಗಿಯೂ ಇಲ್ಲ. ಆದರೆ ಬಸ್ಸಿಳಿದು ಯಾರೇ ಬಂದು ನನ್ನ ಅಂಗಡಿಯ ಮುಂದೆ ನಿಂತರೂ ಈಗ ನಾನು ಮುಖ ನೋಡಿ ಲೆಕ್ಕ ಹಾಕುವುದಿಲ್ಲ. ಅವರು ಬಾಯಿ ತೆರೆಯುವ ಮೊದಲೇ ಕೇಳುತ್ತೇನೆ: "ನೀರ ಕೊಡ್ಲೇನ್ರಿ?"